ಕೊಟ್ಟಿಗೆ ಸೀರೆ

ಆಲ್ದೂರಿನ ಪರಮೇಶ್ವರ ಮೇಷ್ಟ್ರ ಮಗಳು ತುಂಗಾ ಇಂಜಿನಿಯರ್ ಕೆಲಸ ಬಿಟ್ಟು ಬಂದದ್ದು ತೊಂಬತ್ತಾರರಲ್ಲಿ. ಮೈಸೂರಿನಲ್ಲಿ ಸೇತುವೆಗಳ ನಕ್ಷೆ ಮಾಡುತ್ತಿದ್ದವಳು ಇನ್ನು ಮೇಲೆ ಚಿತ್ರ ಬರೆಯುತ್ತೇನೆ, ಊರೂರು ಸುತ್ತುತ್ತೇನೆ ಎಂದಳು. ನಮ್ಮೂರಿನವರ ತಲೆಗೆ ಇದು ಹೋಗಲಿಲ್ಲ. ಗೋಡೆಗೆ ಬಣ್ಣ ಹೊಡೆಯುವವರನ್ನು ಬಿಟ್ಟರೆ ಬಣ್ಣದಿಂದ ಬದುಕಿದವರನ್ನು ನಾವು ಕಂಡಿರಲಿಲ್ಲ. ಮೇಷ್ಟ್ರು ಕೇಳಿದವರಿಗೆಲ್ಲ "ರಜೆ ಮೇಲೆ ಬಂದಿದಾಳೆ" ಎನ್ನುತ್ತಿದ್ದರು. ಆ ರಜೆ ಮುಗಿಯಲೇ ಇಲ್ಲ.

ಅವಳ ಬೆನ್ನಿಗೆ ನಿಂತವರು ಒಬ್ಬರೇ, ಜಾವಳಿಯ ಸೋದರತ್ತೆ ವಿಮಲಮ್ಮ. "ಓದಿದ್ದೇನು ಕೊಳೆತು ಹೋಗಲ್ಲ ಮಾರಾಯ್ತಿ. ನಿಂಗೆ ಬೇಕಾದ್ದು ಬರಿ. ಹಸಿವಾದ್ರೆ ಇಲ್ಲಿಗೆ ಬಾ" ಎಂದರು. ತುಂಗಾ ಹೆಗಲಿಗೆ ಚೀಲ ಹಾಕಿಕೊಂಡು ಕಳಸ, ಅತ್ತಿಗುಂಡಿ ಎಂದು ಶುರುಮಾಡಿ ಒರಿಸ್ಸಾ, ಲಡಾಖ್‌ವರೆಗೂ ಹೋಗಿ ಬಂದಳು. ಕಂಡದ್ದನ್ನು ಚಿತ್ರದ ಸಮೇತ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದಳು. ಎಲ್ಲಿಂದ ಬಂದರೂ ಮೊದಲು ಜಾವಳಿಗೆ. ಹಿತ್ತಲಿಂದ ನುಗ್ಗಿ, ಕೊಟ್ಟಿಗೆಯಲ್ಲೇ ಕೂತು ಹರಟುವಳು. ವಿಮಲಮ್ಮ ಹಾಲು ಕರೆಯುತ್ತಲೇ ಕೇಳಿಸಿಕೊಂಡು, ಬಣ್ಣ ಕಟ್ಟಿದ್ದು ಜಾಸ್ತಿಯಾದರೆ "ಸಾಕು ಬಿಡೇ" ಎನ್ನುವರು. ಹೆತ್ತವರ ಮನೆಯಲ್ಲೂ ಸಿಗದ ಸಲಿಗೆ ಅವಳಿಗೆ ಅಲ್ಲಿ ಸಿಕ್ಕಿತ್ತು.

ನಮ್ಮ ಕಡೆ ಹೆಂಗಸರು ಕೊಟ್ಟಿಗೆ ಕೆಲಸಕ್ಕೆಂದೇ ಒಂದು ಸೀರೆ ಇಟ್ಟುಕೊಳ್ಳುತ್ತಾರೆ. ಹರಿದದ್ದರಿಂದಲೇ ಅದು ಕೊಟ್ಟಿಗೆಗೆ ಬಂದಿರುತ್ತದೆ. ಸಗಣಿ ಬಾಚಿ, ಹಾಲು ಕರೆದು ಮುಗಿದರೆ ಮತ್ತೆ ಗೂಟಕ್ಕೆ. ಅದನ್ನುಟ್ಟು ಹೊರಗಿನವರ ಎದುರಿಗೆ ಯಾರೂ ಬರುವುದಿಲ್ಲ.

ಎರಡು ಸಾವಿರದ ಒಂದರಲ್ಲಿ ತುಂಗಾ ಆ ಸೀರೆಯುಟ್ಟ ಅತ್ತೆಯ ಚಿತ್ರ ಬರೆದಳು. ಚಿತ್ರ ಚೆನ್ನಾಗಿತ್ತು, ಇಲ್ಲವೆನ್ನಬಾರದು. ಜೊತೆಯ ಲೇಖನಕ್ಕೆ 'ಹರಿದ ಸೀರೆಯ ಅನ್ನಪೂರ್ಣೆ' ಎಂದು ಹೆಸರಿಟ್ಟಳು. 'ಕೊಟ್ಟಿಗೆ ಸೀರೆ' ಎಂಬ ಮಾತು ಅವಳಿಗೆ ಹೊಳೆಯದೆ ಇರಲಿಲ್ಲ. ಹೊಳೆದರೂ ಬಿಟ್ಟಳು. ಓದುವವರ ಕಣ್ಣಲ್ಲಿ ನೀರು ಬರಬೇಕಾದರೆ 'ಹರಿದ' ಎಂದರೇ ಸರಿ ಎನಿಸಿತಂತೆ.

ನೀರು ಧಾರಾಳವಾಗಿಯೇ ಬಂತು. ಬೆಂಗಳೂರಿನ ಯಾರೋ ಪುಣ್ಯಾತ್ಗಿತ್ತಿ ತಾನು ಉಟ್ಟು ಬಿಟ್ಟ ಸೀರೆಗಳನ್ನು ಒಗೆದು, ಇಸ್ತ್ರಿ ಮಾಡಿ, ವಿಮಲಮ್ಮನವರ ಹೆಸರಿಗೆ ಪಾರ್ಸೆಲ್ ಕಳಿಸಿದಳು. ಅದು ಬಂದಾಗ ಜಗಲಿಯಲ್ಲಿ ಬೀಗರು ಕೂತಿದ್ದರು, ಮಗ ಚಂದ್ರಶೇಖರನಿಗೆ ಹೆಣ್ಣು ಕೊಟ್ಟವರು. ಕಪಾಟಿನ ತುಂಬ ರೇಷ್ಮೆ ಸೀರೆ ಇಟ್ಟುಕೊಂಡಿದ್ದ ವಿಮಲಮ್ಮ ಏನೋ ಎಂದುಕೊಂಡು ಎಲ್ಲರೆದುರೇ ಕಟ್ಟು ಬಿಚ್ಚಿದರು. ಬೀಗಿತ್ತಿ ಒಂದು ಸೀರೆ ಎತ್ತಿ ನೋಡಿ, "ನಿಮ್ಗೆ ಇಷ್ಟು ಕಷ್ಟ ಅಂತ ನಮ್ಗೆ ಗೊತ್ತೇ ಇರ್ಲಿಲ್ಲ" ಎಂದರು.

ಸುದ್ದಿ ಕೇಳಿ ತುಂಗಾ ಜಾವಳಿಗೆ ಓಡಿದಳು. ದಾರಿಯುದ್ದಕ್ಕೂ ಬಸ್ಸಿನಲ್ಲಿ ತಲೆಯೆತ್ತಲಿಲ್ಲ. ವಿಮಲಮ್ಮ ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಅವರು ಬೈಯಲಿಲ್ಲ. "ಕೊಟ್ಟಿಗೆ ಸೀರೆ ಅಂತ ಬರಿಯೋಕೆ ಏನಾಗಿತ್ತೇ ನಿಂಗೆ?" ಎಂದಷ್ಟೇ ಕೇಳಿದರು. ಉತ್ತರ ಅವಳಿಗೆ ಗೊತ್ತಿತ್ತು. ನಾಚಿಕೆಯಿಂದ ಸತ್ತುಹೋಗಬಾರದೇ ಎನಿಸಿತು ಎಂದು ಆಮೇಲೆ ನಮ್ಮ ಮನೆಯಲ್ಲಿ ಕೂತು ಅತ್ತಳು.

ವಾರಪತ್ರಿಕೆಯಲ್ಲಿ ಕ್ಷಮೆ ಕೇಳಿ ನಾಲ್ಕು ಸಾಲು ಹಾಕಿಸಿದಳು. ಜಾವಳಿಯಲ್ಲಿ ಅದನ್ನು ಯಾರೂ ಓದಲಿಲ್ಲ. ಮೂರು ವರ್ಷದ ಮೇಲೆ ಅವಳ ಪುಸ್ತಕ ಬಂತು. ಅದರಲ್ಲಿ ಆ ಲೇಖನವೂ ಇರಲಿಲ್ಲ, ಆ ಚಿತ್ರವೂ ಇರಲಿಲ್ಲ. ಮೊದಲ ಪ್ರತಿ ಹಿಡಿದುಕೊಂಡು ಅತ್ತೆಯ ಮನೆಗೆ ಹೋದಳು, ಅಭ್ಯಾಸಬಲದಿಂದ ಹಿತ್ತಲ ಕಡೆಯಿಂದಲೇ. ಒಳಗೆ ಹಾಲು ಕರೆಯುವ ಸದ್ದು ಕೇಳುತ್ತಿತ್ತು.

"ಅತ್ತೆ, ನಾನು."

ಸದ್ದು ನಿಂತಿತು. "ಮುಂದಿನಿಂದ ಬಾ. ಜಗಲಿ ಮೇಲೆ ಕೂತ್ಕೊ, ಬಂದೆ."

ನೆಂಟರು ಕೂರುವ ಕುರ್ಚಿಯಲ್ಲಿ ತುಂಗಾ ಕಾದಳು. ತಡವಾಗಿ ವಿಮಲಮ್ಮ ಬಂದರು. ಇಸ್ತ್ರಿ ಮಡಿಕೆ ಮಾಸದ ಸೀರೆ, ಬಾಚಿದ ತಲೆ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಕಾಫಿ ಕೊಟ್ಟು, ಪ್ರಯಾಣ ಸುಖವಾಯಿತೇ ಎಂದು ವಿಚಾರಿಸಿದರು. ಹಿಂದೆ ಹಸು ಬಿಡದೆ ಕೂಗುತ್ತಿತ್ತು.

"ಹಾಲು ಕರೆದು ಮುಗ್ಸಿ ಅತ್ತೆ. ನಾನೂ ಅಲ್ಲಿಗೇ ಬರ್ತೀನಿ."

"ಬೇಡ." ವಿಮಲಮ್ಮ ಸೆರಗು ಸರಿಮಾಡಿಕೊಂಡರು. "ನೀನು ಹೊರಟ್ಮೇಲೆ ಕರೀತೀನಿ."