ಹೆಡ್‌ಮಾಸ್ತರರ ಬೀಗದ ಕೈ ಗೊಂಚಲು

ಮೊನ್ನೆ ದಿಲ್‌ಸುಖ್‌ನಗರದ ಮೆಟ್ರೊ ನಿಲ್ದಾಣದಲ್ಲಿ ಒಬ್ಬ ತರುಣನ ಬೀಗದ ಕೈ ಗೊಂಚಲು ಝಲ್ಲೆಂದು ನೆಲಕ್ಕೆ ಬಿತ್ತು. ಕೇಳಿದೊಡನೆ ನನಗೆ ಅಲ್ಲೇ ಉರುಳಿಬಿಡಬೇಕೆನ್ನಿಸಿತು. ನಗಬೇಡಿ, ಅಭ್ಯಾಸಬಲ.

ಕಾಚಿಗೂಡದಲ್ಲಿ ನಾನು ವ್ಯಾಕರಣ ಕಲಿಸುತ್ತಿದ್ದ ಕನ್ನಡ ಶಾಲೆಯಲ್ಲಿ ಫಿಟ್ಸಿಗೆ ಒಂದೇ ದಿವ್ಯೌಷಧ: ಹೆಡ್‌ಮಾಸ್ತರರ ಬೀಗದ ಕೈ ಗೊಂಚಲು. ಬೀರುವಿನದು, ಗೇಟಿನದು, ಬೀಗವೇ ಕಳೆದುಹೋಗಿದ್ದ ಕೀಲಿಗಳು, ಎಲ್ಲ ಸೇರಿ ಸಣ್ಣ ಗದೆಯಷ್ಟು ತೂಕ. ಒಂಬತ್ತನೆಯ ತರಗತಿಯ ಭಾಗೀರಥಿ ಪ್ರಾರ್ಥನೆಯ ಹೊತ್ತಿನಲ್ಲಿ ಬಿದ್ದಾಗ ಅವರು ಅದನ್ನು ಅವಳ ಮುಷ್ಟಿಗೆ ತುರುಕಿದರು. ಫಿಟ್ಸ್ ತನ್ನಷ್ಟಕ್ಕೆ ನಿಂತಿತು. ಕೀರ್ತಿ ಗೊಂಚಲಿಗೆ ಹೋಯಿತು. ನಾನಂತೂ ಈರುಳ್ಳಿ ಮೂಸಿಸುವ ಪಕ್ಷದವನು.

ಆ ವರ್ಷದ ಗೋಲ್ಕೊಂಡಾ ಪ್ರವಾಸದಿಂದ ಭಾಗೀರಥಿಯನ್ನು ಕೈಬಿಟ್ಟರು. ಅವಳು ನೇರ ಆಫೀಸಿಗೇ ಬಂದಳು.

“ನಾ ಯಾಕ ಬರಬಾರದ್ರಿ ಸರ್?”

“ಅಲ್ಲಿ ಬಿದ್ದರ ಏನ್ ಮಾಡೂದವ್ವ?” ಎಂದರು ಹೆಡ್‌ಮಾಸ್ತರರು.

“ಬಿದ್ದರ ಏಳ್ತೀನ್ರಿ. ನನಗ ಫಿಟ್ಸಿನ ಅಂಜಿಕಿ ಇಲ್ಲ, ನಿಮ್ಮ ಚಾವಿದು ಭಾಳ ಐತಿ. ಹೋದ ಸರ್ತಿ ಅಂಗೈ ಕೆತ್ತಿತ್ರಿ! ಡಾಕ್ಟರು ನನಗ ಎಲ್ಲಾ ಹೇಳ್ಯಾರ, ನಿಮಗ ಕಲಸ್ತೀನಿ. ಪಾಸಾದ್ರ ನನ್ನ ಕರಕೊಂಡು ಹೋಗ್ರಿ.”

ವಿದ್ಯಾರ್ಥಿನಿಯಿಂದ ಗುರುವರ್ಗಕ್ಕೆ ಪರೀಕ್ಷೆ! ರೋಗಿಯ ಪಾತ್ರಕ್ಕೆ ದೇಹಸಂಪತ್ತಿನ ಆಧಾರದ ಮೇಲೆ ನನ್ನನ್ನು ಆರಿಸಲಾಯಿತು. ಗೊಂಚಲು ಝಲ್ಲೆಂದರೆ ನಾನು ಬೀಳತಕ್ಕದ್ದು. ಬಿದ್ದೆ, ಕಲೆಗಾಗಿ ಒದ್ದಾಡಿದೆ. ಡ್ರಿಲ್ ಮಾಸ್ತರರು ನನ್ನ ಕಾಲ ಮೇಲೆ ಕುಳಿತರು. ಗಣಿತದವರು ಬಾಯಿಗೆ ಚಮಚ ತಂದರು. ಹೆಡ್‌ಮಾಸ್ತರರು ಗೊಂಚಲು ಝಳಪಿಸುತ್ತ ದಯಮಾಡಿಸಿದರು.

“ಎಲ್ಲಾರೂ ಫೇಲ್!” ಭಾಗೀರಥಿ ಕೂಗಿದಳು. “ಒತ್ತಿ ಹಿಡೀಬ್ಯಾಡ್ರಿ. ಬಾಯಾಗ ಏನೂ ಹಾಕಬ್ಯಾಡ್ರಿ. ತಲಿ ಬುಡಕ ಮೆತ್ತಂದು ಇಡ್ರಿ, ಮಗ್ಗಲಕ ಹೊರಳಸ್ರಿ, ಗಡಿಯಾರ ನೋಡ್ರಿ. ಐದು ನಿಮಿಷ ದಾಟಿದ್ರ ಆಂಬ್ಯುಲೆನ್ಸ್. ಪೂರಾ ಎಚ್ಚರ ಆಗೂತನ ಬಿಟ್ಟು ಹೋಗಬ್ಯಾಡ್ರಿ.”

“ಮತ್ತ… ಚಾವಿ?” ಹೆಡ್‌ಮಾಸ್ತರರು ಗೊಂಚಲನ್ನು ಎದೆಗವಚಿಕೊಂಡರು.

“ಬೀರು ತೆಗ್ಯಾಕ ಇಟ್ಕೋರಿ ಸರ್!”

ವಾರವಿಡೀ ಝಲ್ಲೆಂದಾಗಲೆಲ್ಲ ಬಿದ್ದೆ. ಅಷ್ಟು ಬಿದ್ದ ವ್ಯಾಕರಣದ ಮಾಸ್ತರ ತೆಲಂಗಾಣದಲ್ಲಿ ಇನ್ನೊಬ್ಬನಿರಲಾರ. ಕೊನೆಗೆ ಭಾಗೀರಥಿ, “ಹೂಂ, ನಡೀತೈತಿ” ಎಂದಳು. ಚಾವಿಯ ವಿಷಯದಲ್ಲಿ ಮಾತ್ರ ಫಲಿತಾಂಶ ತಡೆಹಿಡಿದಳು.

ಗೋಲ್ಕೊಂಡಾದ ಹುಲ್ಲಿನ ಮೇಲೆ, ಬುತ್ತಿ ಮುಗಿಸಿದ ಹೊತ್ತಿನಲ್ಲಿ, ಅವಳು ನಿಜವಾಗಿಯೇ ಬಿದ್ದಳು. ನಮ್ಮ ಕೈಗಳು ಪಾಠ ಮರೆಯಲಿಲ್ಲ. ನನ್ನ ಶಲ್ಯ ಅವಳ ತಲೆಯಡಿಗೆ ಹೋಯಿತು. ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದೆವು. ಡ್ರಿಲ್ ಮಾಸ್ತರರು ಕುಳಿತುಕೊಳ್ಳುವ ಬದಲು ಎದ್ದು ನಿಂತು ಜನರನ್ನು ಸರಿಸಿದರು. ಹೆಡ್‌ಮಾಸ್ತರರು ಗಡಿಯಾರವನ್ನು ನುಂಗುವಂತೆ ನೋಡುತ್ತಿದ್ದರು. ಐದು ನಿಮಿಷವಾಗುವ ಮೊದಲೇ ಫಿಟ್ಸ್ ನಿಂತಿತು.

ಮಂಪರು ಹರಿದ ಮೇಲೆ ಭಾಗೀರಥಿ ಅಂಗೈ ತಿರುಗಿಸಿ ನೋಡಿಕೊಂಡಳು. “ಸರ್, ಚಾವಿ?”

“ಬಸ್ಸಿನ್ಯಾಗ ಬಿಟ್ಟು ಬಂದೀನವ್ವ!”

“ಹಂಗಾರ ಪಾಸ್ ರೀ.”

ಹೆಡ್‌ಮಾಸ್ತರರು ಹುಲ್ಲಿನ ಮೇಲೆಯೇ ಒಂದು ಹೆಜ್ಜೆ ಕುಣಿದರು. ನಾವು ಕಂಡೂ ಕಾಣದಂತಿದ್ದೆವು.

ಇಷ್ಟೆಲ್ಲ ನೆನಪಾಗಿ, ಮೆಟ್ರೊದಲ್ಲಿ ಬಿದ್ದ ಗೊಂಚಲನ್ನು ಎತ್ತಿ ಆ ತರುಣನಿಗೆ ಕೊಟ್ಟೆ. “ಬೀಗಕ್ಕೆ ಮಾತ್ರ ಉಪಯೋಗಿಸಬೇಕು” ಎಂದು ಹರಕು ತೆಲುಗಿನಲ್ಲಿ ಎಚ್ಚರಿಸಿದೆ. ಅವನು ಯಾಕೆಂದು ಕೇಳಿದ. ಇದು ಬಾಯಲ್ಲಿ ಹೇಳಿ ಮುಗಿಯುವ ಪಾಠವೇ? ಶಲ್ಯವನ್ನು ಅವನ ಕೈಗೆ ಕೊಟ್ಟು, ಅಲ್ಲೇ ಮಲಗಿಬಿಟ್ಟೆ.