ಅರ್ಧ ಮುಚ್ಚಿದ ಕಣ್ಣು

ಚಿಕ್ಕೇರೂರಿನಲ್ಲಿ ಬಸ್ಸಿಗೆ ಕಾದು ಕುಳಿತಿದ್ದೆ. ಪಕ್ಕದ ಬೇವಿನ ಮರದಡಿ ಹೆಂಗಸೊಬ್ಬಳು ಹಳೆಯ ಸೀರೆಗಳ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಎಲೆಗಳ ನಡುವಿನಿಂದ ಸೋರಿದ ಬಿಸಿಲೂ ಒಂದು ತುಂಡಿನ ಹಾಗೆ ಕೌದಿಯ ಮೇಲೆ ಬಿದ್ದಿತ್ತು. ಫೋಟೋ ತೆಗೆಯಲು ಮೊಬೈಲ್ ಎತ್ತಿದೆ.

"ಹಂಗ ನೋಡಿದ್ರ ಬಣ್ಣ ತಿಳಿಯಂಗಿಲ್ರಿ. ಕಣ್ಣು ಅರ್ಧ ಮುಚ್ಚರಿ. ಹೊಂದದ ತುಂಡು ತಾನಾ ಕೂಗತೈತಿ. ನಾ ಅದನ್ನ ಬಿಚ್ಚಿ ಬ್ಯಾರೆ ಹಚ್ಚತೇನಿ," ಅಂದಳು.

ಮುಚ್ಚಿದೆ. ಹೊಲಿಗೆ, ಅಂಚು ಎಲ್ಲ ಕರಗಿ ಕೌದಿ ಕೆರೆಯ ನೀರಿನಂತೆ ತೇಲತೊಡಗಿತು. ನಡುವಿನ ಒಂದು ಕೆಂಪು ತುಂಡು ಮಾತ್ರ ಮುಳುಗಲೊಲ್ಲದು.

"ಆ ಕೆಂಪು! ಅದನ್ನು ಬಿಚ್ಚಬೇಕಲ್ಲವಾ?" ಎಂದೆ, ಪರೀಕ್ಷೆ ಪಾಸಾದವನ ಹಾಗೆ.

ಆಕೆ ಅದರ ಮೇಲೆ ಅಂಗೈ ಇಟ್ಟಳು.

"ಅದು ನಮ್ಮವ್ವನ ಸೀರಿರಿ. ಕೂಗಲಿ ಬಿಡ್ರಿ."