ಬೇರೆ ಬೇರೆ ಡಬ್ಬಿಯ ಗುಂಡುಗಳು

ಮಂಗಳವಾರ ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಾಗ ನಮ್ಮ ಯಜಮಾನರು ತೀರಿಕೊಂಡ ಸುದ್ದಿ ಬಂತು. ಗುರಿ ಸ್ಪರ್ಧೆಗೆಂದು ಅವರು ರೈಫಲ್ ಗುಂಡುಗಳನ್ನು ತಾವೇ ತಯಾರಿಸುತ್ತಿದ್ದರು. ಸಿಡಿಮದ್ದು ತೂಗಿ ತುಂಬಿ, ತೂಕಕ್ಕೊಂದು ಡಬ್ಬಿ ಮಾಡಿ, ಚೀಟಿ ಅಂಟಿಸಿದ್ದರು. ಯಾವ ತೂಕದ್ದು ಸರಿಯಾಗಿ ಗುರಿ ಮುಟ್ಟುತ್ತದೆಂದು ಹೊಡೆದು ನೋಡುವುದಷ್ಟೇ ಉಳಿದಿತ್ತು. ಅದನ್ನು ಮುಗಿಸುತ್ತೇನೆಂದು ಅವರ ಗೆಳೆಯರೊಬ್ಬರು ಹೇಳಿದ್ದರು.

ಕಾನೂನಿನಂತೆ ಎಲ್ಲವನ್ನೂ ಮೊದಲು ಠಾಣೆಗೆ ಒಪ್ಪಿಸಬೇಕಿತ್ತು. ನಾನೇ ಒಯ್ದೆ. ಊರಲ್ಲಿ ತೆಂಗಿನ ತೋಟವಿದ್ದ ಹೆಡ್ ಕಾನ್‌ಸ್ಟೆಬಲ್ ಅಷ್ಟೂ ಡಬ್ಬಿಗಳನ್ನು ಒಂದೇ ಚೀಲಕ್ಕೆ ಸುರಿದರು.

ತರಗತಿಯಲ್ಲೂ ದನಿಯೇರಿಸದ ನಾನು ಕೂಗಿಬಿಟ್ಟೆ: “ಬೆರೆಸಿಬಿಟ್ರಲ್ಲ ರೀ! ಯಾವುದರಲ್ಲಿ ಎಷ್ಟು ಮದ್ದಿದೆ ಅಂತ ಇನ್ನು ಹೇಗೆ ಗೊತ್ತಾಗುತ್ತೆ?”

“ಎಲ್ಲಾ ಗುಂಡೇ ಕಣ್ರೀ ಮೇಡಂ, ಬುಡಿ.”

“ನಿಮ್ಮನೆ ಕೊಬ್ಬರೀನೂ ಸಣ್ಣದು ದೊಡ್ಡದು ಬೆರೆಸಿ ತಿಪಟೂರು ಮಂಡಿಗೆ ಹಾಕ್ತೀರಾ?”

“ಅದೆಂಗಾಯ್ತದೆ? ಆರಿಸ್ದೆ ತಂದ್ರೆ ಅಲ್ಲಿ ಮುಟ್ಟೋದೂ ಇಲ್ಲ!” ಎಂದರು, ನನಗೇ ತಿಳಿವಳಿಕೆ ಇಲ್ಲವೆಂಬಂತೆ.

ರಸೀದಿಯಲ್ಲಿ ಅವರು “ಗುಂಡು, ಒಂದು ಚೀಲ” ಎಂದು ಬರೆದರು.